ಕಂಪ್ಯೂಟರ್‌ನ ಇಂಟರ್ನೆಟ್ ಫೋನಿಗೂ ಟಿವಿಗೂ: ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಕೊಡುವುದು ಎಲ್ಲರಿಗೂ ರೂಢಿಯಾಗಿದೆ. ಅದರ ಉಲ್ಟಾ ಕೆಲಸ, ಅಂದರೆ ಕಂಪ್ಯೂಟರ್‌ಗೆ ಬಂದಿರುವ ಇಂಟರ್ನೆಟ್ಟನ್ನು ವೈಫೈ ಮೂಲಕ ಫೋನ್, ಟ್ಯಾಬ್, ಟಿವಿಗಳಿಗೆ ಹಂಚುವುದು, ಎಷ್ಟೋ ಜನರಿಗೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾನ್ ಪೋರ್ಟ್ ಇರುವವರು, ಮನೆಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮಲೆನಾಡಿನವರು, ಒಂದೇ ಸಾಧನಕ್ಕೆ ಲಾಗಿನ್ ಕೊಡುವ ಹೋಟೆಲಿನಲ್ಲಿ ಉಳಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಂಟರ್ನೆಟ್ ಕಂಪ್ಯೂಟರ್‌ಗೆ ಯಾವ ದಾರಿಯಲ್ಲಿ ಬರುತ್ತಿದೆ, ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬ ಎರಡು ಸಂಗತಿಯನ್ನು ಮೊದಲೇ ಗುರುತಿಸಿಕೊಂಡರೆ ಮುಂದಿನ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಆದಾಗ ಒಳಗೆ ಏನು ನಡೆಯುತ್ತದೆ?

ನಿಮ್ಮ ಲ್ಯಾಪ್‌ಟಾಪ್ ಒಂದು ಪುಟ್ಟ ರೂಟರ್ ಆಗಿಬಿಡುತ್ತದೆ. ಹೊರಗಿನ ನೆಟ್‌ವರ್ಕ್‌ಗೆ ಅದೊಂದೇ ಸಾಧನ ಕಾಣಿಸುತ್ತದೆ, ಅದರ ಹಿಂದಿರುವ ಫೋನು, ಟಿವಿಗಳು ಕಾಣಿಸುವುದಿಲ್ಲ. ಕೂಡುಕುಟುಂಬದ ಮನೆಗೆ ಡೋರ್ ನಂಬರ್ ಒಂದೇ ಇರುತ್ತದೆ, ಬಂದ ಕಾಗದ ಯಾರದೆಂದು ಒಳಗಿನವರು ನೋಡಿ ಹಂಚುತ್ತಾರಲ್ಲ, ಹಾಗೆ. ಈ ಹಂಚಿಕೆಗೆ ನ್ಯಾಟ್ ಎನ್ನುತ್ತಾರೆ. ಬಂದು ಸೇರಿದ ಪ್ರತಿ ಸಾಧನಕ್ಕೂ ಒಂದೊಂದು ಒಳವಿಳಾಸ ಕೊಡುವ ಕೆಲಸ ಡಿಎಚ್‌ಸಿಪಿಯದು.

ಈ ಒಳವಿಳಾಸ ನೋಡಿಯೇ ಎಷ್ಟೋ ತೊಂದರೆಗಳನ್ನು ಪತ್ತೆ ಮಾಡಬಹುದು, ಹಾಗಾಗಿ ನೆನಪಿಟ್ಟುಕೊಳ್ಳಿ. ವಿಂಡೋಸ್ ಹಾಟ್‌ಸ್ಪಾಟ್ ಆಗಿದ್ದರೆ ಫೋನಿಗೆ ಸಾಮಾನ್ಯವಾಗಿ 192.168.137 ಎಂದು ಶುರುವಾಗುವ ಐಪಿ ಸಿಗುತ್ತದೆ. ಮ್ಯಾಕ್ ಆದರೆ 192.168.2, ಉಬುಂಟುವಿನಂಥ ಲಿನಕ್ಸ್ ಆದರೆ 10.42.0. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಹೆಸರಿನ ಮೇಲೆ ಒತ್ತಿದರೆ ಈ ಸಂಖ್ಯೆ ಕಾಣಿಸುತ್ತದೆ.

ಇದು ಹೊಸ ಸೌಲಭ್ಯವೇನಲ್ಲ. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಬಂದಿತ್ತು. ಆಗ ಡಯಲ್‌ಅಪ್ ಸಂಪರ್ಕವನ್ನು ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರ್‌ಗೆ ಕೊಡುತ್ತಿದ್ದರು. ಇವತ್ತಿನ ಮೊಬೈಲ್ ಹಾಟ್‌ಸ್ಪಾಟ್ ಹಿಂದೆ ಕೆಲಸ ಮಾಡುವುದೂ ಅದೇ ಸೇವೆ, ಐಸಿಎಸ್ ಎಂಬ ಹೆಸರಿನಲ್ಲಿ.

ವಿಂಡೋಸ್ 10 ಅಥವಾ 11ರಲ್ಲಿ ಹೇಗೆ ಆನ್ ಮಾಡುವುದು?

ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗಿ. ಮೇಲಿನ ಸ್ವಿಚ್ ಒತ್ತುವ ಮೊದಲು ಕೆಳಗಿನದ್ದನ್ನು ಸರಿಮಾಡಿಕೊಳ್ಳಿ. ಯಾವ ಸಂಪರ್ಕವನ್ನು ಹಂಚಬೇಕು ಎಂದು ಕೇಳುವ ಪಟ್ಟಿಯಲ್ಲಿ ಇಂಟರ್ನೆಟ್ ನಿಜವಾಗಿ ಬರುತ್ತಿರುವ ದಾರಿಯನ್ನು ಆರಿಸಿ: ಲ್ಯಾನ್ ಕೇಬಲ್ ಹಾಕಿದ್ದರೆ ಈಥರ್ನೆಟ್, ಬೇರೆ ವೈಫೈಯಿಂದ ಬರುತ್ತಿದ್ದರೆ ವೈಫೈ. ಯಾವುದರ ಮೂಲಕ ಹಂಚಬೇಕು ಎಂಬಲ್ಲಿ ವೈಫೈ ಇರಲಿ. ಎಡಿಟ್ ಬಟನ್ ಒತ್ತಿ ಹೆಸರು, ಪಾಸ್‌ವರ್ಡ್ ಬದಲಿಸಿಕೊಳ್ಳಿ, ಬ್ಯಾಂಡ್, ಅಂದರೆ 2.4 ಅಥವಾ 5 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿ, ಕೂಡ ಅಲ್ಲೇ ಇದೆ. ಆಮೇಲೆ ಸ್ವಿಚ್ ಆನ್ ಮಾಡಿ. ಒಟ್ಟು 8 ಸಾಧನಗಳವರೆಗೆ ಸೇರಿಸಬಹುದು, ಯಾವ್ಯಾವುದು ಸೇರಿದೆ ಎಂಬ ಪಟ್ಟಿ ಅದೇ ಪುಟದಲ್ಲಿ ಕಾಣುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಪಟ್ಟಿಯ ಆಯ್ಕೆಯಲ್ಲಿ. ಲ್ಯಾನ್ ಕೇಬಲ್ಲೂ ಹಾಕಿರುತ್ತಾರೆ, ಹಳೆಯ ವೈಫೈಗೂ ಸೇರಿರುತ್ತಾರೆ. ಪಟ್ಟಿಯಲ್ಲಿ ವೈಫೈ ಆಯ್ಕೆಯಾಗಿದ್ದು ಆ ವೈಫೈಯಲ್ಲಿ ಇಂಟರ್ನೆಟ್ಟೇ ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಓಡುತ್ತದೆ, ಫೋನಿನಲ್ಲಿ ಏನೂ ತೆರೆಯುವುದಿಲ್ಲ.

ಈ ಪುಟ ಬಂದದ್ದು 2016ರ ವಿಂಡೋಸ್ 10 ಆನಿವರ್ಸರಿ ಅಪ್‌ಡೇಟ್ ಜೊತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಟ್‌ಸ್ಪಾಟ್ ಈಗಲೂ ಕೆಲಸ ಮಾಡುತ್ತದೆ, ಆದರೆ ಮನೆಮಂದಿಯ ಇಂಟರ್ನೆಟ್ಟೆಲ್ಲ ಹಾದುಹೋಗುವ ಯಂತ್ರಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಯೂಟ್ಯೂಬ್‌ನಲ್ಲಿ ಕಮಾಂಡ್ ಟೈಪ್ ಮಾಡಲು ಹೇಳುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಆಗುತ್ತಲೇ ಇಲ್ಲ, ಯಾಕೆ?

ಆ ವಿಡಿಯೊಗಳು ಹೇಳುವುದು ಹೋಸ್ಟೆಡ್ ನೆಟ್‌ವರ್ಕ್ ಎಂಬ ಹಳೆಯ ವಿಧಾನವನ್ನು. 2009ರಲ್ಲಿ ಬಂದ ವಿಂಡೋಸ್ 7ರಿಂದ ಅದು ಇದೆ, ಮತ್ತು ಆ ಕಾಲದ ವೈಫೈ ಡ್ರೈವರ್‌ಗಳು (ವೈಫೈ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಅದಕ್ಕೆ ಒಗ್ಗುವಂತಿದ್ದವು. ಕಮಾಂಡ್ ಪ್ರಾಂಪ್ಟ್ ತೆರೆದು ಎನ್‌ಇಟಿಎಸ್‌ಎಚ್, ಡಬ್ಲ್ಯುಎಲ್‌ಎಎನ್, ಶೋ, ಡ್ರೈವರ್ಸ್ ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಟ್ಟು ಟೈಪ್ ಮಾಡಿ. ಬರುವ ಸಾಲುಗಳಲ್ಲಿ ಹೋಸ್ಟೆಡ್ ನೆಟ್‌ವರ್ಕ್ ಸಪೋರ್ಟೆಡ್ ಎಂಬುದರ ಮುಂದೆ ನೋ ಎಂದಿದ್ದರೆ ಆ ವಿಡಿಯೊ ನಿಮಗಲ್ಲ.

ನೋ ಎಂದಿದೆ ಅಂತ ಕಂಗಾಲಾಗಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಸೆಟ್ಟಿಂಗ್ಸ್‌ನ ಮೊಬೈಲ್ ಹಾಟ್‌ಸ್ಪಾಟ್ ವೈಫೈ ಡೈರೆಕ್ಟ್ ಎಂಬ ಬೇರೆ ವಿಧಾನ ಬಳಸುವುದರಿಂದ ಅದು ಸರಾಗವಾಗಿ ನಡೆಯುತ್ತದೆ. ಈ ಒಂದು ಸಾಲು ನೋಡಿ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಶಕ್ತಿಯೇ ಇಲ್ಲ ಎಂದುಕೊಂಡು ಹೊಸ ಅಡಾಪ್ಟರ್ ಕೊಂಡವರಿದ್ದಾರೆ. ದಯವಿಟ್ಟು ಮೊದಲು ಸೆಟ್ಟಿಂಗ್ಸ್‌ನಲ್ಲಿ ಪ್ರಯತ್ನಿಸಿ.

ಡೆಸ್ಕ್‌ಟಾಪ್‌ನಲ್ಲಿ ವೈಫೈಯೇ ಇಲ್ಲ. ಹಂಚಬಹುದೇ?

ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿಕೊಂಡರೆ ಆಗುತ್ತದೆ. ಕೊಳ್ಳುವಾಗ ಅದು ಎರಡೂ ಬ್ಯಾಂಡ್ ಹಿಡಿಯುತ್ತದೆಯೇ, ಹಾಟ್‌ಸ್ಪಾಟ್ ಅಥವಾ ಎಪಿ ಮೋಡ್, ಅಂದರೆ ತಾನೇ ವೈಫೈ ಹರಡುವ ಶಕ್ತಿ, ಇದೆಯೇ ಎಂದು ಕೇಳಿ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್‌ಗಳು ಮತ್ತು ಅವುಗಳ ಕೇಬಲ್‌ಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಬೆರಳ ತುದಿಯಷ್ಟಿರುವ ಅಡಾಪ್ಟರನ್ನು ಅಂಥ ಹಾರ್ಡ್‌ಡಿಸ್ಕ್‌ನ ಪಕ್ಕದ ಪೋರ್ಟಿಗೇ ಚುಚ್ಚಿದರೆ, ಡಿಸ್ಕ್ ಓಡಲು ಶುರುವಾದಾಗ ವೈಫೈ ಕುಗ್ಗುತ್ತದೆ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಸಿಪಿಯು ಹಿಂಭಾಗದಿಂದ ಮೇಜಿನ ಮೇಲಕ್ಕೆ ತಂದರೆ ಗದ್ದಲವೂ ತಪ್ಪುತ್ತದೆ, ಸಿಗ್ನಲ್ಲೂ ಹರಡುತ್ತದೆ.

ಒಂದು ವೈಫೈಯನ್ನು ಹಿಡಿದು ಅದನ್ನೇ ಮತ್ತೆ ವೈಫೈ ಆಗಿ ಹಂಚಬಹುದೇ?

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಆಗುತ್ತದೆ, ಮ್ಯಾಕ್‌ನಲ್ಲಿ ಒಳಗಿರುವ ವೈಫೈ ಒಂದನ್ನೇ ಇಟ್ಟುಕೊಂಡು ಆಗುವುದಿಲ್ಲ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದರೆ ಈಗಿರುವ ವೈಫೈ ಸಂಪರ್ಕ ಕಡಿದುಹೋಗುತ್ತದೆ ಎಂದು ಅದೇ ಎಚ್ಚರಿಸುತ್ತದೆ.

ವಿಂಡೋಸ್‌ನಲ್ಲಿ ಆಗುತ್ತದೆ ಎಂದರೂ ಅದಕ್ಕೊಂದು ಬೆಲೆ ಇದೆ. ಒಂದೇ ರೇಡಿಯೊ ಕೇಳಿಸಿಕೊಳ್ಳಲೂ ಬೇಕು, ಹೇಳಲೂ ಬೇಕು, ಅದೂ ಒಂದೇ ಚಾನೆಲ್‌ನಲ್ಲಿ. ಪ್ರತಿ ಮಾಹಿತಿಯೂ ಗಾಳಿಯಲ್ಲಿ ಎರಡು ಸಲ ಸಾಗುವುದರಿಂದ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿದ್ದರೆ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಆಯ್ಕೆ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಕೆಲವು ಹೊಸ ವೈಫೈ ಚಿಪ್‌ಗಳು ಎರಡೂ ಬ್ಯಾಂಡಿನಲ್ಲಿ ಏಕಕಾಲಕ್ಕೆ ದುಡಿಯಬಲ್ಲವು, ಎಲ್ಲವೂ ಅಲ್ಲ.

ಕೇಬಲ್ ಹಾಕಲು ಸಾಧ್ಯವಿದ್ದಲ್ಲಿ ಹಾಕಿ. ಒಳಬರುವ ದಾರಿ ಕೇಬಲ್ ಆದರೆ ವೈಫೈ ಪೂರ್ತಿಯಾಗಿ ಹೊರಹೋಗುವ ದಾರಿಗೆ ಸಿಗುತ್ತದೆ.

ಮನೆಯ ಕಿಟಕಿಯ ಬಳಿ ಮಾತ್ರ ಫೋನಿಗೆ ಸಿಗ್ನಲ್. ಒಳಗೆ ಕೂತವರಿಗೆಲ್ಲ ಹೇಗೆ ತಲುಪಿಸುವುದು?

ಸಕಲೇಶಪುರ, ಶೃಂಗೇರಿ, ಸಿದ್ದಾಪುರದ ಕಡೆಯ ಒಂಟಿಮನೆಗಳಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಪಾಡು. ಫೋನಿಗೆ ಸಿಗ್ನಲ್ ಸಿಗುವ ಕಿಟಕಿಯಲ್ಲೇ ಅದನ್ನು ನಿಲ್ಲಿಸಿ. ಅಲ್ಲಿಂದ ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್, ಅಂದರೆ ಕೇಬಲ್ ಮೂಲಕ ಫೋನಿನ ಇಂಟರ್ನೆಟ್ ಕೊಡುವ ಆಯ್ಕೆಯನ್ನು, ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ಲ್ಯಾನ್ ಕೇಬಲ್ ಹಾಕಿದಂತೆಯೇ ಕಾಣುತ್ತದೆ, ಪಟ್ಟಿಯಲ್ಲಿ ಈಥರ್ನೆಟ್ 2, ಈಥರ್ನೆಟ್ 3 ಎಂಬಂಥ ಹೆಸರಿನಲ್ಲಿ. ಅದನ್ನು ಆರಿಸಿ ಹಾಟ್‌ಸ್ಪಾಟ್ ಆನ್ ಮಾಡಿದರೆ ಆಯಿತು.

ಫೋನಿನ ಹಾಟ್‌ಸ್ಪಾಟನ್ನೇ ನೇರವಾಗಿ ಎಲ್ಲರೂ ಬಳಸಬಹುದಲ್ಲ ಎಂದು ಕೇಳುತ್ತಾರೆ. ಒಂದಿಬ್ಬರಿದ್ದರೆ ಖಂಡಿತ ಅದೇ ಸುಲಭ. ಆದರೆ ದಿನವಿಡೀ 4ಜಿ ಮತ್ತು ವೈಫೈ ಎರಡನ್ನೂ ಹೊತ್ತ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಸವೆಯುತ್ತದೆ. ಯುಎಸ್‌ಬಿಯಲ್ಲಿ ಜೋಡಿಸಿದರೆ ಫೋನಿನ ವೈಫೈಗೆ ವಿರಾಮ, ಜೊತೆಗೆ ಚಾರ್ಜೂ ಆಗುತ್ತಿರುತ್ತದೆ. ಉದ್ದದ ಕೇಬಲ್ ಹಾಕುವುದಾದರೆ ಒಳ್ಳೆಯ ಗುಣಮಟ್ಟದ್ದನ್ನೇ ಕೊಳ್ಳಿ, ಚಾರ್ಜಿಂಗ್‌ಗೆ ಮಾತ್ರ ತಂತಿ ಇರುವ ಅಗ್ಗದ ಕೇಬಲ್‌ಗಳಲ್ಲಿ ಟೆದರಿಂಗ್ ಆಯ್ಕೆಯೇ ಮಸುಕಾಗಿರುತ್ತದೆ. ಕೇಬಲ್ ಹಾಕಿದರೂ ಆಯ್ಕೆ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೇಬಲ್ಲನ್ನೇ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಲೆಕ್ಕ ಬದಲಾಗುತ್ತದೆ. ಹಾಟ್‌ಸ್ಪಾಟ್ ಆಗಿರುವ ಲ್ಯಾಪ್‌ಟಾಪ್ ನಿದ್ದೆಗೆ ಜಾರುವಂತಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಫೋನಿನ ಹಾಟ್‌ಸ್ಪಾಟ್‌ಗೇ ಮರಳಿ, ಪವರ್ ಬ್ಯಾಂಕ್ ಹಚ್ಚಿಕೊಳ್ಳುವುದು ಜಾಣತನ.

ಹಾಸ್ಟೆಲಿನಲ್ಲಿ ಒಂದೇ ಲ್ಯಾನ್ ಪೋರ್ಟ್, ಅದೂ ನನ್ನ ಲ್ಯಾಪ್‌ಟಾಪ್‌ಗೆ ಮಾತ್ರ. ಫೋನಿಗೆ ಸಿಗುತ್ತದೆಯೇ?

ತಾಂತ್ರಿಕವಾಗಿ ಸಿಗುತ್ತದೆ. ಎಷ್ಟೋ ಹಾಸ್ಟೆಲುಗಳೂ ಊರಿನ ಕೇಬಲ್ ಇಂಟರ್ನೆಟ್‌ನವರೂ ಸಂಪರ್ಕವನ್ನು ಒಂದು ಯಂತ್ರದ ಮ್ಯಾಕ್ ವಿಳಾಸಕ್ಕೆ (ಆಪಲ್ ಮ್ಯಾಕ್ ಅಲ್ಲ, ಪ್ರತಿ ನೆಟ್‌ವರ್ಕ್ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಕಟ್ಟಿರುತ್ತಾರೆ. ಹಾಟ್‌ಸ್ಪಾಟ್‌ನಲ್ಲಿ ಹೊರಗೆ ಕಾಣುವುದು ಲ್ಯಾಪ್‌ಟಾಪ್‌ನ ವಿಳಾಸ ಮಾತ್ರವಾದ್ದರಿಂದ ಫೋನು ಅದರ ಹಿಂದೆ ಸುಮ್ಮನೆ ಕೂತು ಇಂಟರ್ನೆಟ್ ಬಳಸುತ್ತದೆ. ಹೋಟೆಲಿನ ಲಾಗಿನ್ ಪುಟಕ್ಕೂ ಇದೇ ಮಾತು: ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಲಾಗಿನ್ ಆದರೆ ಹಿಂದಿರುವ ಸಾಧನಗಳಿಗೆ ಆ ಪುಟ ಮತ್ತೆ ಬರುವುದಿಲ್ಲ. ಹೊರದೇಶದಲ್ಲಿ ಓದುವ ನಮ್ಮ ಹುಡುಗರು ಡಾರ್ಮ್‌ನಲ್ಲಿ ಮೊದಲ ವಾರ ಕಳೆಯುವುದೂ ಹೀಗೆಯೇ, ರೂಟರ್ ಬರುವವರೆಗೆ.

ಆದರೆ ಸಾಧ್ಯ ಎಂಬುದು ಬೇರೆ, ಅನುಮತಿ ಎಂಬುದು ಬೇರೆ. ಕೆಲವು ಕಾಲೇಜುಗಳು ಹಾಟ್‌ಸ್ಪಾಟ್ ಹಾಕಬಾರದು ಎಂದು ನಿಯಮ ಮಾಡಿರುತ್ತವೆ. ಒಂದು ಮಹಡಿಯಲ್ಲಿ ಮೂವತ್ತು ಹಾಟ್‌ಸ್ಪಾಟ್ ಎದ್ದರೆ ಕಾಲೇಜಿನ ವೈಫೈಯೂ ಸೇರಿ ಎಲ್ಲರ ವೈಫೈಯೂ ಕುಂಟುತ್ತದೆ, ಆ ನಿಯಮಕ್ಕೆ ಅರ್ಥವಿದೆ. ವಾರ್ಡನ್ ಅಥವಾ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ.

ಇನ್ನೊಂದು ತೊಡಕು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಬ್ರಾಡ್‌ಬ್ಯಾಂಡ್, ಅಂದರೆ ಪಿಪಿಪಿಒಇ, ನಿಮ್ಮದಾಗಿದ್ದರೆ ಹಂಚಬೇಕಾದ್ದು ಈಥರ್ನೆಟ್ ಅಲ್ಲ, ಆ ಬ್ರಾಡ್‌ಬ್ಯಾಂಡ್ ಕನೆಕ್ಷನ್. ಮೊದಲು ಡಯಲ್ ಮಾಡಿ, ಇಂಟರ್ನೆಟ್ ಬಂದಿದ್ದನ್ನು ನೋಡಿಕೊಂಡು, ಆಮೇಲೆ ಹಾಟ್‌ಸ್ಪಾಟ್ ಪುಟಕ್ಕೆ ಹೋಗಿ ಅದನ್ನು ಆರಿಸಿ.

ಮ್ಯಾಕ್‌ನಲ್ಲಿ?

ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಅಲ್ಲಿ ಇಂಟರ್ನೆಟ್ ಶೇರಿಂಗ್. ಪಕ್ಕದ ಐ ಗುರುತು ಒತ್ತಿ ಯಾವುದರಿಂದ, ಯಾವುದಕ್ಕೆ ಎಂದು ಆರಿಸಿ. ವೈಫೈ ಆಪ್ಷನ್ಸ್‌ನಲ್ಲಿ ಪಾಸ್‌ವರ್ಡ್ ಇಟ್ಟಿದ್ದೀರೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಆನ್ ಮಾಡಿ. ಮ್ಯಾಕ್‌ಬುಕ್‌ಗಳಲ್ಲಿ ಲ್ಯಾನ್ ಪೋರ್ಟ್ ಇಲ್ಲದ ಕಾರಣ ಯುಎಸ್‌ಬಿ-ಸಿ ಅಡಾಪ್ಟರ್ ಬೇಕು, ಅಥವಾ ಐಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಅದನ್ನೇ ಒಳಬರುವ ದಾರಿ ಮಾಡಿಕೊಳ್ಳಬಹುದು.

ಲಿನಕ್ಸ್‌ನಲ್ಲಿ?

ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪುಟದ ಮೂರು ಚುಕ್ಕಿ ಒತ್ತಿದರೆ ಟರ್ನ್ ಆನ್ ವೈಫೈ ಹಾಟ್‌ಸ್ಪಾಟ್ ಸಿಗುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು. ಈಚಿನ ಆವೃತ್ತಿಗಳಲ್ಲಿ ಕ್ಯೂಆರ್ ಕೋಡನ್ನೂ ತೋರಿಸುತ್ತದೆ, ಅಮ್ಮನ ಫೋನಿಗೆ ಉದ್ದದ ಪಾಸ್‌ವರ್ಡ್ ಹೊಡೆಯುವ ಕಷ್ಟ ತಪ್ಪುತ್ತದೆ. ಎಲ್ಲ ವೈಫೈ ಕಾರ್ಡ್‌ಗಳೂ ಲಿನಕ್ಸ್‌ನಲ್ಲಿ ಎಪಿ ಮೋಡ್‌ಗೆ ಬರುವುದಿಲ್ಲ. ಟರ್ಮಿನಲ್‌ನಲ್ಲಿ ಐಡಬ್ಲ್ಯು, ಲಿಸ್ಟ್ ಎಂಬ ಎರಡು ಪದ ಕೊಟ್ಟು, ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್ ಕೆಳಗೆ ಎಪಿ ಎಂದು ಇದೆಯೇ ನೋಡಿ.

ಫೋನು ಹಾಟ್‌ಸ್ಪಾಟ್‌ಗೆ ಸೇರುತ್ತದೆ, ಆದರೆ ಇಂಟರ್ನೆಟ್ ಇಲ್ಲ ಎನ್ನುತ್ತದೆ. ಎಲ್ಲಿ ಹುಡುಕಲಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ, ಆದ್ದರಿಂದ ನಿಧಾನವಾಗಿ ನೋಡೋಣ. ಸಿಕ್ಕಿದ್ದನ್ನೆಲ್ಲ ಒತ್ತುವ ಮೊದಲು ಸಮಸ್ಯೆ ಯಾವ ತುದಿಯಲ್ಲಿದೆ ಎಂದು ತಿಳಿಯಬೇಕು.

ಮೊದಲು ಲ್ಯಾಪ್‌ಟಾಪ್‌ನಲ್ಲೇ ಒಂದು ಹೊಸ ವೆಬ್‌ಸೈಟ್ ತೆರೆಯಿರಿ, ನಿನ್ನೆ ತೆರೆದ ಪುಟವನ್ನಲ್ಲ. ಅದು ಬಾರದಿದ್ದರೆ ತಪ್ಪು ಹಾಟ್‌ಸ್ಪಾಟಿನದಲ್ಲ, ಒಳಬರುವ ದಾರಿಯದು.

ಅದು ಬಂದರೆ ಫೋನಿನ ಐಪಿ ನೋಡಿ. ಫೋನು ಐಪಿ ವಿಳಾಸ ಪಡೆಯುತ್ತಿದೆ ಎಂಬಲ್ಲೇ ನಿಂತು ಸುತ್ತುತ್ತಿದ್ದರೆ, ಅಥವಾ ಐಫೋನಿನಲ್ಲಿ 169.254 ಎಂದು ಶುರುವಾಗುವ ಸಂಖ್ಯೆ ಇದ್ದರೆ, ಲ್ಯಾಪ್‌ಟಾಪ್ ವಿಳಾಸ ಹಂಚುತ್ತಿಲ್ಲ ಎಂದರ್ಥ. ವಿಂಡೋಸ್‌ನ ಸರ್ವೀಸಸ್ ಪಟ್ಟಿ ತೆರೆದು ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸೇವೆಯನ್ನು ಹುಡುಕಿ. ಡಿಸೇಬಲ್ಡ್ ಎಂದಿದ್ದರೆ ಮ್ಯಾನ್ಯುಯಲ್ ಮಾಡಿ, ಸ್ಟಾರ್ಟ್ ಕೊಡಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದರ ಫೈರ್‌ವಾಲ್ ಈ ಹಂಚಿಕೆಯನ್ನು ತಡೆಯುವುದು ಬಹಳ ಸಾಮಾನ್ಯ. ಪರೀಕ್ಷೆಗಾಗಿ ಎರಡು ನಿಮಿಷ ಅದರ ಫೈರ್‌ವಾಲ್ ನಿಲ್ಲಿಸಿ ನೋಡಿ. ಆಗ ಸರಿಹೋದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್ ಶೇರಿಂಗ್‌ಗೆ ಅನುಮತಿ ಕೊಟ್ಟು, ಫೈರ್‌ವಾಲನ್ನು ಮರೆಯದೆ ಮತ್ತೆ ಆನ್ ಮಾಡಿ.

ಫೋನಿಗೆ 192.168.137 ಸಾಲಿನ ಐಪಿ ಸಿಕ್ಕಿದೆ, ಆದರೂ ಏನೂ ತೆರೆಯುತ್ತಿಲ್ಲ ಎಂದರೆ ಎರಡು ಸಾಧ್ಯತೆ. ಪಟ್ಟಿಯಲ್ಲಿ ತಪ್ಪು ಸಂಪರ್ಕ ಆಯ್ಕೆಯಾಗಿರುವುದು ಒಂದು, ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್, ಅಂದರೆ ಇಂಟರ್ನೆಟ್ಟನ್ನು ಬೇರೊಂದು ಗುಪ್ತ ದಾರಿಯಲ್ಲಿ ಕಳಿಸುವ ಆ್ಯಪ್, ಓಡುತ್ತಿರುವುದು ಇನ್ನೊಂದು. ವಿಪಿಎನ್ ಕಡಿದು ನೋಡಿ. ಫೋನಿನಲ್ಲೇ ಪ್ರೈವೇಟ್ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಎಂದು ಏನಾದರೂ ಹಾಕಿಟ್ಟಿದ್ದರೆ ಅದನ್ನೂ ಒಮ್ಮೆ ಆಟೊಮ್ಯಾಟಿಕ್ ಮಾಡಿ ಪರೀಕ್ಷಿಸಿ.

ಹಾಟ್‌ಸ್ಪಾಟ್ ಆನ್ ಆಗುವುದೇ ಇಲ್ಲ ಎಂಬುದು ಬೇರೆ ಜಾತಿಯ ಸಮಸ್ಯೆ. ವೈಫೈ ಸ್ವಿಚ್ ಆಫ್ ಇದೆಯೇ, ಏರೋಪ್ಲೇನ್ ಮೋಡ್ ಇದೆಯೇ ನೋಡಿ. ಕಂಪ್ಯೂಟರ್‌ಗೆ ಯಾವ ಸಂಪರ್ಕವೂ ಇಲ್ಲದಿದ್ದರೆ ವಿಂಡೋಸ್ ಹಾಟ್‌ಸ್ಪಾಟ್ ಹಾಕಲು ಒಪ್ಪುವುದೇ ಇಲ್ಲ. ಅವೆಲ್ಲ ಸರಿಯಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುವಿನಿಂದ ಹಿಡನ್ ಡಿವೈಸ್‌ಗಳನ್ನು ತೋರಿಸಲು ಹೇಳಿ, ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಮೈಕ್ರೋಸಾಫ್ಟ್ ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್ ಹುಡುಕಿ. ಅದು ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ. ಇಷ್ಟಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ವೈಫೈ ಡ್ರೈವರ್ ಹೊಸದಾಗಿ ಹಾಕುವುದು ಮುಂದಿನ ಹೆಜ್ಜೆ.

ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆಫ್ ಆಗುತ್ತದೆ.

ಹಾಟ್‌ಸ್ಪಾಟ್ ಪುಟದಲ್ಲಿ ಪವರ್ ಸೇವಿಂಗ್ ಎಂದಿದೆ. ಯಾವ ಸಾಧನವೂ ಸೇರಿರದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಹಾಟ್‌ಸ್ಪಾಟ್ ನಿಲ್ಲಿಸುವುದು ಅದರ ಕೆಲಸ. ಆಫ್ ಮಾಡಿ. ಲ್ಯಾಪ್‌ಟಾಪ್ ಮುಚ್ಚಿದಾಗ ಸ್ಲೀಪ್‌ಗೆ ಹೋಗದಂತೆಯೂ ಪವರ್ ಆಪ್ಷನ್ಸ್‌ನಲ್ಲಿ ಬದಲಿಸಬೇಕು. ಹಾಗೆ ಬದಲಿಸಿದ ಮೇಲೆ ಓಡುತ್ತಿರುವ ಲ್ಯಾಪ್‌ಟಾಪನ್ನು ಮುಚ್ಚಿ ಬ್ಯಾಗಿಗೆ ತುರುಕಬೇಡಿ, ಹಾಸಿಗೆಯ ಮೇಲೂ ಇಡಬೇಡಿ, ಗಾಳಿ ಆಡುವ ಮೇಜಿನ ಮೇಲಿರಲಿ. ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ ಹಾಟ್‌ಸ್ಪಾಟ್ ಸಾಮಾನ್ಯವಾಗಿ ತಾನಾಗಿ ಎದ್ದು ಬರುವುದಿಲ್ಲ, ಮತ್ತೆ ಕೈಯಿಂದಲೇ ಆನ್ ಮಾಡಬೇಕು.

2.4 ಬೇಕೋ, 5 ಗಿಗಾಹರ್ಟ್ಸ್ ಬೇಕೋ?

ಪಕ್ಕದಲ್ಲೇ ಕೂತು ವಿಡಿಯೊ ನೋಡುವುದಾದರೆ 5. ಗೋಡೆ ದಾಟಬೇಕಾದರೆ 2.4. ಕರಾವಳಿಯ ಜಂಬಿಟ್ಟಿಗೆ ಗೋಡೆಗಳು, ಹಳೇ ಮನೆಗಳ ಮಣ್ಣಿನ ದಪ್ಪ ಗೋಡೆಗಳು 5 ಗಿಗಾಹರ್ಟ್ಸನ್ನು ಬೇಗ ನುಂಗಿಬಿಡುತ್ತವೆ. ಕಬ್ಬಿಣದ ಬೀರು ನಡುವೆ ಬಂದರಂತೂ ಯಾವ ಬ್ಯಾಂಡೂ ಸರಿಯಾಗಿ ದಾಟುವುದಿಲ್ಲ, ಲ್ಯಾಪ್‌ಟಾಪನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಸಿದರೆ ಸಿಗುವ ಫಲ ಯಾವ ಸಾಫ್ಟ್‌ವೇರಿನಿಂದಲೂ ಸಿಗದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಥೆ ಬೇರೆ. ಅಲ್ಲಿ 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ, ಅವುಗಳಲ್ಲಿ ಹತ್ತಾರು ರೂಟರ್‌ಗಳು ಮುಗಿಬಿದ್ದಿರುತ್ತವೆ. ಅಂಥಲ್ಲಿ 5 ಉಸಿರಾಡಲು ಜಾಗ ಕೊಡುತ್ತದೆ.

ಒಂದು ಎಚ್ಚರಿಕೆ: ಹಳೆಯ ಫೋನುಗಳು, ಅನೇಕ ಪ್ರಿಂಟರ್‌ಗಳು, ಸ್ಮಾರ್ಟ್ ಬಲ್ಬುಗಳು 2.4ನ್ನು ಮಾತ್ರ ಕಾಣಬಲ್ಲವು. ನನ್ನ ಹಾಟ್‌ಸ್ಪಾಟ್ ಟಿವಿಯ ಪಟ್ಟಿಯಲ್ಲೇ ಬರುತ್ತಿಲ್ಲ ಎನ್ನುವವರು ಮೊದಲು ಬ್ಯಾಂಡ್ ಬದಲಿಸಿ ನೋಡಬೇಕು.

ಹಾಟ್‌ಸ್ಪಾಟ್‌ಗೆ ಕನ್ನಡದಲ್ಲಿ ಹೆಸರಿಡಬಹುದೇ?

ಇಡಬಹುದು, ಇಡಿ. ಆದರೆ ಜಾಗ ಕಡಿಮೆ. ವೈಫೈ ಹೆಸರಿಗೆ ಇರುವ ಮಿತಿ 32 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ ಎಲ್ಲಕ್ಕೂ ಮೂರು ಮೂರು ಬೈಟ್. ನಮ್ಮನೆ ಎಂಬ ಹೆಸರು ನೋಡಿ: ನ, ಮ, ಹಲಂತ, ಮ, ನ, ಎಕಾರದ ಚಿಹ್ನೆ, ಒಟ್ಟು 6 ಘಟಕ, 18 ಬೈಟ್. ಸುಲಭವಾಗಿ ಹಿಡಿಸುತ್ತದೆ. ಮಲೆನಾಡಿನ ಮನೆ ಎಂದಿಟ್ಟರೆ ನಡುವಿನ ಖಾಲಿ ಜಾಗವೂ ಸೇರಿ 34 ಬೈಟ್ ಆಗುತ್ತದೆ, ಎರಡೇ ಎರಡು ಬೈಟಿಗೆ ತಪ್ಪಿಹೋಗುತ್ತದೆ. ಹಳೆಯ ಟಿವಿ, ಪ್ರಿಂಟರ್‌ಗಳಲ್ಲಿ ಕನ್ನಡದ ಹೆಸರು ಚೌಕಗಳಾಗಿ ಕಾಣಬಹುದು, ಮನೆಯಲ್ಲಿ ಅಂಥವು ಇದ್ದರೆ ಮೊದಲು ಪರೀಕ್ಷಿಸಿ.

ಪಾಸ್‌ವರ್ಡ್ ಮಾತ್ರ ಇಂಗ್ಲಿಷ್ ಕೀಲಿಗಳಲ್ಲೇ ಇರಲಿ, 8ರಿಂದ 63 ಅಕ್ಷರದೊಳಗೆ. ಕನ್ನಡದ ಮೂರ್ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ಪೋಣಿಸಿದರೆ ನೆನಪಿಡಲೂ ಸುಲಭ, ಊಹಿಸಲು ಕಷ್ಟ. ಫೋನ್ ನಂಬರ್, ಹುಟ್ಟಿದ ದಿನ, ಮಕ್ಕಳ ಹೆಸರು ಬೇಡ.

ಡೇಟಾ ಬೇಗ ಖಾಲಿಯಾಗುತ್ತದೆಯೇ?

ಫೋನು ತಾನೀಗ ವೈಫೈಯಲ್ಲಿದ್ದೇನೆ ಎಂದುಕೊಳ್ಳುತ್ತದೆ, ಆಮೇಲೆ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಹಿಂದೆಯೇ ಶುರು. ಒಳಬರುವ ದಾರಿ ಫೈಬರ್ ಆದರೆ ಚಿಂತೆಯಿಲ್ಲ. ಅದು ದಿನಕ್ಕೆ ಒಂದೂವರೆ, ಎರಡು ಜಿಬಿಯ ಮೊಬೈಲ್ ಪ್ಯಾಕ್ ಆಗಿದ್ದರೆ ಮಧ್ಯಾಹ್ನದೊಳಗೆ ಮುಗಿದೀತು. ಲ್ಯಾಪ್‌ಟಾಪ್‌ನಲ್ಲಿ ಒಳಬರುವ ಸಂಪರ್ಕವನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಎಂದು ಗುರುತು ಮಾಡಿ, ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಈ ಹಾಟ್‌ಸ್ಪಾಟನ್ನು ಮೀಟರ್ಡ್ ಮಾಡಿ, ಐಫೋನಿನಲ್ಲಿ ಲೋ ಡೇಟಾ ಮೋಡ್ ಹಾಕಿ.

ಪಕ್ಕದ ಮನೆಯವರಿಗೆ, ಅಂಗಡಿಗೆ ಬರುವವರಿಗೆ ಪಾಸ್‌ವರ್ಡ್ ಕೊಡಬಹುದೇ?

ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಿಮ್ಮ ಸಂಪರ್ಕದಿಂದ ಯಾರು ಏನು ಮಾಡಿದರೂ ಮೊದಲು ತಟ್ಟುವುದು ನಿಮ್ಮ ಬಾಗಿಲನ್ನು. 2008ರಲ್ಲಿ ಭಯೋತ್ಪಾದಕರು ಪಾಸ್‌ವರ್ಡ್ ಇಲ್ಲದ ಬೇರೆಯವರ ವೈಫೈ ಬಳಸಿ ಬೆದರಿಕೆ ಇ-ಮೇಲ್ ಕಳಿಸಿದ ಮೇಲೆ, ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ವೈಫೈ ಸುರಕ್ಷತೆಯ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಆ ವೈಫೈಗಳ ಮಾಲೀಕರು ತಮ್ಮ ಪಾಡಿಗೆ ತಾವಿದ್ದವರು, ಆದರೂ ತನಿಖೆ ಎದುರಿಸಬೇಕಾಯಿತು. ಪಾಸ್‌ವರ್ಡ್ ಇಲ್ಲದ ಹಾಟ್‌ಸ್ಪಾಟ್ ಒಂದು ಗಂಟೆಗೂ ಬೇಡ.

ನಂಬಿಕಸ್ಥರಿಗೆ ಕೊಟ್ಟರೂ ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿ. ಹಾಟ್‌ಸ್ಪಾಟ್‌ಗೆ ಸೇರಿದವರು ನಿಮ್ಮ ಲ್ಯಾಪ್‌ಟಾಪ್‌ನ ಪಕ್ಕದಲ್ಲೇ ಕೂತಂತೆ, ಹಂಚಿಟ್ಟ ಫೋಲ್ಡರ್‌ಗಳಿದ್ದರೆ ಅವರಿಗೆ ಕಾಣಬಹುದು, ಫೈಲ್ ಶೇರಿಂಗ್ ಆಫ್ ಇರಲಿ. ಸೇರಿದವರ ಪಟ್ಟಿಯಲ್ಲಿ ಅಪರಿಚಿತ ಮ್ಯಾಕ್ ವಿಳಾಸ ಕಂಡಾಕ್ಷಣ ಕಳ್ಳ ಎಂದು ತೀರ್ಮಾನಿಸಬೇಡಿ, ಈಗಿನ ಆಂಡ್ರಾಯ್ಡ್, ಐಫೋನುಗಳು ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಹುಸಿ ವಿಳಾಸ ಕೊಡುತ್ತವೆ. ಮನೆಯವರ ಫೋನುಗಳನ್ನು ಒಂದೊಂದಾಗಿ ಎಣಿಸಿ ನೋಡಿ.

ಹಣ ಪಡೆದು ಇಂಟರ್ನೆಟ್ ಕೊಡುವ ಯೋಚನೆ ಇದ್ದರೆ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಅದಕ್ಕೆ ದಾರಿಯಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿ, ಚಹದಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ಪಬ್ಲಿಕ್ ಡೇಟಾ ಆಫೀಸ್ ಆಗಿ ವೈಫೈ ಮಾರಬಹುದು, ಬಳಸುವವರ ದೃಢೀಕರಣವೂ ಅದರಲ್ಲೇ ನಡೆಯುತ್ತದೆ.

ಬ್ಲೂಟೂತ್ ಮೂಲಕ ಹಂಚಿದರೆ?

ನಡೆಯುತ್ತದೆ, ಬಹಳ ನಿಧಾನ. ವಾಟ್ಸ್‌ಆ್ಯಪ್ ಸಂದೇಶ, ಇ-ಮೇಲ್‌ಗೆ ಸಾಕು, ವಿಡಿಯೊಗೆ ಸಾಲದು.

ಇಷ್ಟೆಲ್ಲ ಮಾಡುವ ಬದಲು ರೂಟರ್ ಕೊಳ್ಳಬಾರದೇ?

ದಿನಾ ಬೇಕು ಎಂದಾದರೆ ಕೊಂಡುಬಿಡಿ. ಫೈಬರ್ ಹಾಕಿಸಿಕೊಂಡ ಮನೆಗಳಲ್ಲಿ ಫೈಬರ್ ತಂತಿ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯಲ್ಲೇ ಬಹುಮಟ್ಟಿಗೆ ವೈಫೈ ಇರುತ್ತದೆ, ಅದನ್ನು ಆನ್ ಮಾಡಿದ್ದಾರೆಯೇ ಎಂದು ಮೊದಲು ನೋಡಿ. ರೂಟರ್ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಕಡಿಮೆ ವಿದ್ಯುತ್ ಕುಡಿಯುತ್ತದೆ, ಆ್ಯಂಟೆನಾ ಚೆನ್ನಾಗಿರುತ್ತದೆ, ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿದರೆ ಕರೆಂಟ್ ಹೋದಾಗಲೂ ಓಡುತ್ತದೆ. ಪ್ರಯಾಣ, ಬಾಡಿಗೆ ಮನೆಯ ಮೊದಲ ದಿನಗಳು, ರೂಟರ್ ಕೆಟ್ಟ ರಾತ್ರಿ ಮರುದಿನದ ಆನ್‌ಲೈನ್ ಪರೀಕ್ಷೆ ಇರುವಾಗ, ಇಂಥ ಹೊತ್ತಿಗೆ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಗೊತ್ತಿರಬೇಕು.

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸ್ಪಾಟ್ ಬಟನ್ ಮಸುಕಾಗಿದೆ. ತೆರೆಯುವ ಉಪಾಯ ಇದೆಯೇ?

ಆಫೀಸಿನ ಐಟಿಯವರು ಗ್ರೂಪ್ ಪಾಲಿಸಿ ಎಂಬ, ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಅನ್ವಯಿಸುವ ನಿಯಮದಿಂದ ಅದನ್ನು ಮುಚ್ಚಿದ್ದಾರೆ. ಉಪಾಯ ಹುಡುಕಬೇಡಿ. ಆ ಲ್ಯಾಪ್‌ಟಾಪ್ ಕಂಪನಿಯ ನೆಟ್‌ವರ್ಕ್‌ನಲ್ಲಿ ಇರುವಾಗ ಅದರ ಹಿಂದೆ ನಿಮ್ಮ ಫೋನು, ಮಕ್ಕಳ ಟ್ಯಾಬು ಸೇರಿದರೆ, ಅವುಗಳಲ್ಲಿರುವ ಯಾವುದೋ ಕೆಟ್ಟ ಆ್ಯಪ್ ಕೂಡ ಕಂಪನಿಯ ಗೋಡೆಯೊಳಗೆ ಬಂದಂತಾಗುತ್ತದೆ. ರಿಜಿಸ್ಟ್ರಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ದಾಖಲೆ, ತಿದ್ದಿ ಬಟನ್ ತೆರೆದದ್ದು ಅವರ ದಾಖಲೆಯಲ್ಲಿ ಕಾಣುವ ಸಾಧ್ಯತೆಯೂ ಇದೆ, ಕೆಲಸಕ್ಕೇ ಕುತ್ತು ಬರಬಹುದು. ಮನೆಯ ಸ್ವಂತ ಲ್ಯಾಪ್‌ಟಾಪ್ ಬಳಸಿ, ಅದಿಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಬಳಸಿ. ಕೆಲಸಕ್ಕಾಗಿಯೇ ಬೇಕಿದ್ದರೆ, ಉದಾಹರಣೆಗೆ ಆ್ಯಪ್ ಪರೀಕ್ಷಿಸುವ ಫೋನಿಗೆ ಇಂಟರ್ನೆಟ್ ಕೊಡಬೇಕಿದ್ದರೆ, ಕಾರಣ ಬರೆದು ಐಟಿ ವಿಭಾಗಕ್ಕೆ ಒಂದು ಟಿಕೆಟ್ ಹಾಕಿ.